ಓಟು ಹಾಕಿದ್ದು ಕೊಟ್ರಮ್ಮನಿಗೆ

ತಾಳ್ಯದ ಆಚೆಗಿನ ಆ ಪುಟ್ಟ ಊರಿನಲ್ಲಿ ಬೆಳಗಿನಿಂದಲೂ ಸೋನೆ ಹಿಡಿದಿತ್ತು. ಗ್ರಾಮಸಭೆ ಶಾಲೆಯೊಳಗೇ ಸೇರಿತ್ತು. ಪಂಚಾಯಿತಿ ಅಧ್ಯಕ್ಷೆಯಾಗಿ ಗೆದ್ದವಳು ಕೊಟ್ರಮ್ಮ. ವಾಡಿಕೆಯಂತೆ ಕುರ್ಚಿಯಲ್ಲಿ ಕುಳಿತಿದ್ದವನು ಅವಳ ಗಂಡ ಮುರುಗಪ್ಪ. ಕುರಿಗಾರರ ಹಟ್ಟಿಗೆ ನಲ್ಲಿ ಹಾಕಿಸುವ ಮಾತೆತ್ತಲು ಕೊಟ್ರಮ್ಮ ಎದ್ದಳು.

“ನೀ ಕುಂತ್ಕ, ಅದನ್ನ ಆಮೇಲೆ ನೋಡಾಣ” ಎಂದ ಮುರುಗಪ್ಪ.

ಹಟ್ಟಿಯ ಬರಗೇರಮ್ಮ ಹಿಂದಿನಿಂದ ಮೆಲ್ಲಗೆ ಕೇಳಿದಳು: “ಮುರುಗಪ್ಪಣ್ಣ, ಟೀವಿನಾಗೆ ಅಮೆರಿಕದ ಅಧ್ಯಕ್ಷ ಪ್ರಮಾಣ ಮಾಡಾದು ನೋಡಿದೆ. ಹೆಂಡ್ತಿ ಪಕ್ಕದಾಗೆ ಧರ್ಮದ ಪುಸ್ತಕ ಹಿಡ್ಕಂಡು ನಿಂತಿದ್ಲು. ಗೆದ್ದೋನ ಕುರ್ಚಿಯಾಗೆ ಅವಳೇನು ಕುಂತ್ಕಳಲಿಲ್ಲ. ನಾವು ಓಟು ಹಾಕಿದ್ದು ಕೊಟ್ರಮ್ಮಂಗೆ.”

“ಹಂಗಾದ್ರೆ ಅಣ್ಣನ ಕೈಗೂ ಒಂದು ಪುಸ್ತಕ ಕೊಡ್ರಿ” ಎಂದರು ಯಾರೋ. ಸಭೆ ನಕ್ಕಿತು.

ಮುರುಗಪ್ಪನೂ ನಗಲು ನೋಡಿದ, ಆಗಲಿಲ್ಲ. ಎದ್ದು ಹೆಗಲ ಟವಲಿನಿಂದ ಕುರ್ಚಿ ಒರೆಸಿದ. ಶಿವನೇ ಆ ಹೆಣ್ಣುಮಗಳ ಬಾಯಲ್ಲಿ ನುಡಿದನೆಂದುಕೊಂಡು ಕೊಟ್ರಮ್ಮ ಬರಗೇರಮ್ಮನಿಗೆ ಕೈಮುಗಿದು ಆ ಕುರ್ಚಿಯಲ್ಲಿ ಕುಳಿತಳು.

“ಮೊದಲು ಹಟ್ಟಿ ನಲ್ಲಿ ವಿಚಾರ” ಎಂದಳು.

ಮುರುಗಪ್ಪ ಜೇಬಿನಿಂದ ಅಧ್ಯಕ್ಷರ ಸೀಲು ತೆಗೆದು ಅವಳ ಅಂಗೈಯಲ್ಲಿಟ್ಟ.