ಕುಂಕುಮ ಇಟ್ಟ ಬೋರ್ಡು

ಮದರ್‌ಬೋರ್ಡಿನ ನಟ್ಟನಡುವೆ ದುಂಡಗೆ ಕುಂಕುಮ ಇತ್ತು, ಅದರ ಕೆಳಗೆ ಒದ್ದೆ ಅರಿಶಿನ. ಆಯುಧಪೂಜೆಯ ಮಂಗಳಾರತಿ ತೆಗೆದುಕೊಂಡು ನಮಸ್ಕಾರಕ್ಕೆಂದು ಬಾಗಿದ ಶುಭಾ, ಬಾಗಿದ ಹಾಗೇ ನಿಂತುಬಿಟ್ಟಳು. ಇಳಿಗೆಮಣೆ, ಕತ್ತರಿ, ಸ್ಕೂಟರಿನ ಕೀಲಿಗಳ ಸಾಲಿನಲ್ಲಿ ಈ ಬೋರ್ಡಿನ ಪೆಟ್ಟಿಗೆಯನ್ನು ಇಟ್ಟವಳು ಅವಳೇ. ಆದರೆ ಅವಳು ಇಟ್ಟಾಗ ಪೆಟ್ಟಿಗೆ ಮುಚ್ಚಿತ್ತು.

"ಅತ್ತೆ, ಇದರ ಮೇಲೊಂದು ಕಪ್ಪು ಮುಚ್ಚಳ ಇತ್ತಲ್ಲ?"

"ತೆಗೆದೆ ಕಣೇ," ಎಂದರು ರಮಾಮಣಿ, ಇಳಿಗೆಮಣೆಯ ಮೇಲಿನ ಹೂ ಸರಿಮಾಡುತ್ತಾ. "ಡಬ್ಬಕ್ಕೆ, ಮುಚ್ಚಳಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ? ಒಳಗೆ ಚೌಕವಾಗಿ ಪೀಠದ ಥರ ಇತ್ತು. ಉದುರಬಾರದು ಅಂತ ಚೆನ್ನಾಗಿ ಒತ್ತಿ ಇಟ್ಟಿದೀನಿ."

ಆ ಪೀಠದಲ್ಲಿ ಪ್ರೊಸೆಸರ್ ಕೂರಬೇಕಾಗಿತ್ತು. ಕಂಪ್ಯೂಟರಿನ ಮಿದುಳು ಎನ್ನುವ ಆ ಪುಟ್ಟ ಬಿಲ್ಲೆಗಾಗಿ ಅಲ್ಲಿ ಕೂದಲೆಳೆಯಂಥ ಪಿನ್ನುಗಳು ಸಾವಿರಕ್ಕೂ ಮೀರಿ ಇರುತ್ತವೆ. ಬೆರಳು ತಾಗಿದರೂ ಬಾಗಿಬಿಡುತ್ತವೆ. ಇದ್ದ ದುಡ್ಡಿನಲ್ಲಿ ಯಾವ ಪ್ರೊಸೆಸರಿಗೆ ಯಾವ ಬೋರ್ಡು ಎಂದು ಶುಭಾ ಮೂರು ತಿಂಗಳು ಅಳೆದು ಸುರಿದು ಆರಿಸಿದ ಜೋಡಿ ಅದು. ಮಗು ಹುಟ್ಟಿದ ಮೇಲೆ ನಿಲ್ಲಿಸಿದ್ದ ವಿಡಿಯೊ ಎಡಿಟಿಂಗನ್ನು ಮನೆಯಿಂದಲೇ ಮತ್ತೆ ಶುರುಮಾಡುವವಳಿದ್ದಳು. ದಸರಾ ಕಳೆದ ಕೂಡಲೇ ಮದುವೆ ವಿಡಿಯೊ ಕೊಡುತ್ತೇವೆ, ನಿಮ್ಮದೇ ಗಟ್ಟಿ ಮೆಷಿನ್ ಇರಬೇಕು ಅಷ್ಟೆ ಎಂದು ಒಂಟಿಕೊಪ್ಪಲಿನ ಸ್ಟುಡಿಯೊದವರು ಹೇಳಿದ್ದರು.

ಗಂಡ ಪ್ರದ್ಯುಮ್ನ ಹೂಂ ಎಂದಿದ್ದ. ಅತ್ತೆ ಮಾತ್ರ ಯಾರು ವಿಚಾರಿಸಿದರೂ "ಹೊತ್ತು ಹೋಗಬೇಕಲ್ಲ, ಏನೋ ಮಾಡ್ಕೋತಾಳೆ" ಎಂದುಬಿಡುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಶುಭಾಳಿಗೆ ನೋವಾಗುತ್ತಿತ್ತು. ಅತ್ತೆಯದು ಕೆಟ್ಟ ಮನಸ್ಸೇನಲ್ಲ. ಚಪ್ಪಲಿ ಮೆಟ್ಟಿ ಹೊಸಿಲು ದಾಟದೆ ಮಾಡುವುದು ಅವರ ಪ್ರಕಾರ ಕೆಲಸವೇ ಅಲ್ಲ. ತಾವು ನಲವತ್ತು ವರ್ಷ ಒಲೆಯ ಮುಂದೆ ಬೆಂದದ್ದನ್ನೂ ಆ ಮಹಾತಾಯಿ ಒಂದು ದಿನಕ್ಕೂ ಕೆಲಸವೆಂದು ಕರೆದವರಲ್ಲ.

ಜಂಬೂಸವಾರಿಯ ಮರುದಿನ ಅತ್ತೆ ಸೊಸೆ ಇಬ್ಬರೂ ಬೋರ್ಡು ಕೊಂಡಿದ್ದ ಅಂಗಡಿಗೆಂದು ಕೃಷ್ಣಮೂರ್ತಿಪುರಂನಿಂದ ಆಟೋ ಹತ್ತಿದರು. ಆದ ಅನಾಹುತ ತಿಳಿದಾಗಿನಿಂದ ರಮಾಮಣಿ ಸರಿಯಾಗಿ ಊಟ ಮಾಡಿರಲಿಲ್ಲ. ಅಂಗಡಿಯವನಿಗೆ ನಾನೇ ಹೇಳುತ್ತೇನೆಂದು ಹಟ ಹಿಡಿದು ಹೊರಟಿದ್ದರು.

ಅಂಗಡಿಯ ಸ್ವರೂಪ್ ಭೂತಗನ್ನಡಿ ಹಿಡಿದು ನೋಡಿದ. ಬಂದ ನಗುವನ್ನು ನುಂಗಿಕೊಂಡ.

"ಪಿನ್ನೆಲ್ಲಾ ಮಲಗ್ಬುಟ್ಟಿವೆ ಮೇಡಂ. ಇದಕ್ಕೆ ವಾರಂಟಿ ಬರಲ್ಲ."

"ನಾನು ಕಣಪ್ಪ ಮಾಡಿದ್ದು, ಅವಳದೇನೂ ತಪ್ಪಿಲ್ಲ," ಎಂದರು ರಮಾಮಣಿ. "ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗಲ್ವಾ?"

"ಒರೆಸಿದ್ರೆ ಇನ್ನೂ ಕೆಡುತ್ತೆ ಅಮ್ಮಾವ್ರೇ. ಮುಂದಿನ ವರ್ಷ ಡಬ್ಬದ ಮೇಲೇ ಇಟ್ಬುಡಿ, ದೇವರು ಬೇಜಾರು ಮಾಡ್ಕೊಳಲ್ಲ."

ಪ್ರೊಸೆಸರಿನ ಸೀಲ್ ಒಡೆದಿರಲಿಲ್ಲ, ಅದೊಂದು ಪುಣ್ಯ. ಸ್ವರೂಪ್ ಎರಡು ದಾರಿ ಹೇಳಿದ. ಅದೇ ದೊಡ್ಡ ಪ್ರೊಸೆಸರ್ ಉಳಿಸಿಕೊಂಡರೆ ಬೇರೆ ಬೋರ್ಡಿಗೆ ಮನೆಯಿಂದ ಇನ್ನಷ್ಟು ದುಡ್ಡು ಹಾಕಬೇಕು. ಅದನ್ನು ಹಿಂದಿರುಗಿಸಿ ಚಿಕ್ಕದನ್ನು ತೆಗೆದುಕೊಂಡರೆ ಮಿಕ್ಕಿದ್ದರಲ್ಲೇ ಬೋರ್ಡೂ ಬರುತ್ತದೆ. ಎರಡೂ ಪ್ರೊಸೆಸರುಗಳ ಪೆಟ್ಟಿಗೆಗಳನ್ನು ಗಾಜಿನ ಮೇಜಿನ ಮೇಲಿಟ್ಟ.

"ಚಿಕ್ಕದರಲ್ಲಿ ಏನೇನಾಗುತ್ತೆ?" ಎಂದು ಶುಭಾ ಕೇಳಿದಳು. ಅವಳಿಗೆ ಗೊತ್ತಿತ್ತು, ಆದರೂ ಕೇಳಿದಳು.

"ಮನೆ ಬಳಕೆಗೆ ಧಾರಾಳವಾಯ್ತು. ಮಗು ಪಾಠ, ಫೋಟೊ, ಸಿನಿಮಾ, ಎಲ್ಲಾ ಆಗುತ್ತೆ. ಮದುವೆ ವಿಡಿಯೊ ಮಾತ್ರ ಎಳೆಯಲ್ಲ, ನಡುವೇನೇ ನಿಂತೋಗುತ್ತೆ. ನಿಮಗೆ ಮನೆಗಾ ಮೇಡಂ, ಕೆಲಸಕ್ಕಾ?"

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದನ್ನು ಶುಭಾ ತವರಿನಿಂದಲೇ ಕಲಿತು ಬಂದಿದ್ದಳು. ಒಂದು ಬೋರ್ಡು ಹಾಳಾಗಿದೆ. ಹೊತ್ತು ಕಳೆಯುವ ಬಾಬತ್ತಿಗೆ ಮತ್ತೆ ದುಡ್ಡು ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು? ಸ್ಟುಡಿಯೊದವರಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟರಾಯಿತು. ಅವಳ ಕೈ ಚಿಕ್ಕ ಪೆಟ್ಟಿಗೆಯ ಮೇಲೆ ಹೋಯಿತು.

"ಮನೆಗೇ," ಎಂದಳು. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಅಷ್ಟರಲ್ಲಿ ರಮಾಮಣಿಯವರ ಫೋನು ಹೊಡೆದುಕೊಂಡಿತು. ಎದುರು ಮನೆಯಾಕೆ. ಆಕೆಗೆ ಫೋನೇ ಬೇಡ, ಬೀದಿಯಲ್ಲಿ ನಿಂತು ಮಾತಾಡಿದ್ದರೂ ಅಂಗಡಿಗೆ ಕೇಳುತ್ತಿತ್ತು. ನಾಳೆ ಅವರಲ್ಲಿ ಸತ್ಯನಾರಾಯಣ ಪೂಜೆಯಂತೆ. ಸಜ್ಜಿಗೆ ಮಾಡಲು ಬೆಳಗ್ಗೆಯೇ ಶುಭಾಳನ್ನು ಕಳಿಸಬೇಕಂತೆ, ಹೇಗೂ ಮನೆಯಲ್ಲಿ ಸುಮ್ಮನೆ ಇರುತ್ತಾಳಲ್ಲ.

ರಮಾಮಣಿ ಸೊಸೆಯ ಮುಖ ನೋಡಿದರು, ಆಮೇಲೆ ಪೆಟ್ಟಿಗೆಯ ಮೇಲಿದ್ದ ಅವಳ ಕೈ ನೋಡಿದರು.

"ಆಗಲ್ಲ ಕಣ್ರೀ. ಸಜ್ಜಿಗೆಗೆ ಬೇಕಾದ್ರೆ ನಾನು ಬರ್ತೀನಿ. ಶುಭಾ ನಾಳೆಯಿಂದ ಕೆಲಸಕ್ಕೆ ಹೋಗ್ತಾಳೆ."

ಶುಭಾ ಚಿಕ್ಕ ಪೆಟ್ಟಿಗೆಯನ್ನು ಸ್ವರೂಪನ ಕಡೆಗೆ ತಳ್ಳಿ ದೊಡ್ಡದನ್ನು ಹತ್ತಿರಕ್ಕೆ ಎಳೆದುಕೊಂಡಳು.

ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು. ರಮಾಮಣಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಎಲ್ಲಿಗೆ ಅಂದ್ರೆ? ನಮ್ಮನೆ ಹಿಂದಿನ ರೂಮಿಗೆ. ಸಂಜೆ ತನಕ ಬಾಗಿಲು ಹಾಕಿರುತ್ತೆ, ಬಂದು ತಟ್ಟಬೇಡಿ."