ಅಪ್ಪನಿಗೆ ಹತ್ತಕ್ಕೆ ನಾಲ್ಕು

ಇದು ಕಟ್ಟಿದ ಕತೆಯಲ್ಲ, ನಡೆದದ್ದು. ಅನುಮಾನವಿದ್ದರೆ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗಿ ಕೂಗಿ 'ಮೈಕು' ಎಂದೇ ಹೆಸರಾದವನನ್ನೇ ಕೇಳಿ. ಯಾವ ದನಿಯಲ್ಲಿ ಬೇಕೋ ಆ ದನಿಯಲ್ಲಿ ಹೇಳುತ್ತಾನೆ. ಆವತ್ತು ರಜೆಯ ದಿನ, ಬೆಳಗಿನ ಹನ್ನೊಂದು ಗಂಟೆ. ಮೂರನೇ ಪ್ಲಾಟ್‌ಫಾರಂ ಬಸ್ಸು ತಡವಾಗಿ ಹೊರಡುತ್ತದೆಂದು ಸಾರಿ ಅವನು ಗುಂಡಿ ಆರಿಸುವಷ್ಟರಲ್ಲಿ ಅಕ್ಕನ ನಂಬರಿನಿಂದ ಫೋನು ಬಂತು.

"ನಾನು ಕಣೋ, ಅಪ್ಪ," ಎಂದಿತು ಅತ್ತಲಿನ ದನಿ.

ಮೈಕು ಕಿಸಕ್ಕನೆ ನಕ್ಕ. ಅಪ್ಪ ಮಗ ಮಾತು ಬಿಟ್ಟು ಆರು ವರ್ಷವಾಗಿತ್ತು. ಪ್ರತಿ ವರ್ಷ ಈ ಹಬ್ಬದ ರಜೆಗೆ ಅಕ್ಕನ ಮನೆಯಲ್ಲಿ ಎರಡು ಪಾಳಿ: ಬೆಳಗ್ಗೆ ಅಪ್ಪ, ಮಧ್ಯಾಹ್ನ ಮೂರರ ಮೇಲೆ ಮಗ. ನಡುವಿನ ಅರ್ಧ ಗಂಟೆ ಅಕ್ಕ ಅಪ್ಪ ಕೂತ ಕುರ್ಚಿಯ ದಿಂಬು ಕೊಡವಿ, ಕಾರ್ಖಾನೆಯ ಮೇಸ್ತ್ರಿಯಂತೆ ಗಡಿಯಾರ ನೋಡುತ್ತ ನಿಲ್ಲುತ್ತಿದ್ದಳು. ಸುಮ್ಮನೆ ಕೂತರೆ ಮನಸ್ಸು ಅತ್ತಲೇ ಓಡುತ್ತದೆಂದು ಮೈಕು ರಜಾದಿನದ ಬೆಳಗಿನ ಡ್ಯೂಟಿಯನ್ನು ತಾನಾಗಿ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಅದೇ ಹೊತ್ತಿಗೆ ಭಾವ ದನಿ ಬದಲಿಸಿ ಫೋನು ಮಾಡಿ ಗೋಳು ಹೊಯ್ದುಕೊಳ್ಳುವುದೂ ಅಷ್ಟೇ ಖಾಯಂ. ಹೋದ ವರ್ಷ ಬಸ್ ಇಲಾಖೆಯ ಸಾಹೇಬರಾಗಿದ್ದರು, ಅದರ ಹಿಂದಿನ ವರ್ಷ ಕಣ್ಣಿನ ಡಾಕ್ಟರು.

"ಭಾವ, ನಿಮ್ಮ ಧೈರ್ಯಕ್ಕೆ ಮೆಚ್ಚಿದೆ. ದನಿಗೆ ಮಾತ್ರ ಹತ್ತಕ್ಕೆ ನಾಲ್ಕು."

"ನಾಲ್ಕಾ?"

"ಮತ್ತೆ? ಅಪ್ಪ ಟೇಲರ್ ಅನ್ನೋದೇ ಮರೆತ್ರಾ? ನಲವತ್ತು ವರ್ಷ ತುಟೀಲಿ ಗುಂಡುಸೂಜಿ ಕಚ್ಕೊಂಡೇ ಮಾತಾಡಿದ ಮನುಷ್ಯ. ಬೈದ್ರೂ ತುಟಿ ಅಲ್ಲಾಡಲ್ಲ. ನೀವು ನೋಡಿದ್ರೆ ಬಾಯ್ತುಂಬಾ ಮಾತಾಡ್ತಿದೀರ! ಎಲ್ಲಿ, ತುಟಿ ಬಿಗಿ ಹಿಡಿದು ಹೇಳಿ, 'ತೋಳು ಎತ್ತಬೇಡ, ನೆಟ್ಟಗೆ ನಿಂತ್ಕೋ.'"

"ತೋಳು ಎತ್ತಬೇಡ. ನೆಟ್ಟಗೆ ನಿಂತ್ಕೋ."

"ಐದು. ಅದಕ್ಕೆ ಮುಂಚೆ ಕೆಮ್ಮಬೇಕು ಭಾವ. ಒಂದೇ ಕೆಮ್ಮು, ಕತ್ತರಿ ಆಡಿಸಿದಂಗೆ."

ಕೆಮ್ಮು ಬಂತು. ಯಾಕೋ ಮೈಕುವಿನ ಬೆನ್ನು ತಾನಾಗಿ ನೆಟ್ಟಗಾಯಿತು. "ಪರವಾಗಿಲ್ವೇ! ಆರು ಕೊಟ್ಟೆ."

"ಆವತ್ತು ನಾನು ಹಂಗೆ ಕೂಗಾಡಬಾರದಿತ್ತು ಕಣೋ. ನಂದೂ ತಪ್ಪಿದೆ."

"ಇಲ್ಲಿ ಪೂರ್ತಿ ಫೇಲು! ಅಪ್ಪ ತಪ್ಪಾಯ್ತು ಅನ್ನೋದುಂಟಾ? ಆ ಮಾತು ಅವರ ಬಾಯಿಂದ ಬರಲ್ಲ ಅಂತ ತಾನೆ ನಾನು ಅವರ ದನೀಲಿ ಚಿಕ್ಕಪ್ಪಂಗೆ ಫೋನು ಮಾಡಿ ಹೇಳಿದ್ದು?"

ಜಗಳದ ಮೂಲ ಅದೇ. ಹನ್ನೊಂದು ವರ್ಷ ಮುಖ ತಿರುಗಿಸಿಕೊಂಡಿದ್ದ ಚಿಕ್ಕಪ್ಪ, ಅಣ್ಣನೇ ತಪ್ಪೊಪ್ಪಿಕೊಂಡನೆಂದು ನಂಬಿ, ಒಂದು ಕೋಟಿನ ಬಟ್ಟೆ ಹಿಡಿದು ಅಳುತ್ತ ಅಂಗಡಿಗೆ ಓಡಿ ಬಂದಿದ್ದ. ಅಪ್ಪ ಗಿರಾಕಿಗಳೆದುರೇ, "ನಾನ್ಯಾವಾಗ ಹೇಳಿದೆ?" ಎಂದುಬಿಟ್ಟರು. ಚಿಕ್ಕಪ್ಪ ಬಟ್ಟೆಯನ್ನು ಅಲ್ಲೇ ಬಿಟ್ಟು ನಡೆದ. ಹಿಂದೆಯೇ ಮಗನಿಗೂ ಬಾಗಿಲು ತೋರಿಸಿದ್ದಾಯಿತು.

"ಆ ಕೋಟು ಹೊಲಿದೆ," ಎಂದಿತು ದನಿ. "ಹೋದ ವಾರ ಕೊಟ್ಟು ಬಂದೆ. ತೋಳು ಸ್ವಲ್ಪ ಉದ್ದ ಆಯ್ತು. ಅಳತೆ ತಗೊಂಡಿರ್ಲಿಲ್ಲ ನೋಡು."

"ಕತೆ ಮಾತ್ರ ಚೆನ್ನಾಗಿ ಕಟ್ತೀರ ಭಾವ."

"ಇರ್ಲಿ. ನಿಜವಾಗ್ಲೂ ನಿಮ್ಮಪ್ಪ ಫೋನು ಮಾಡಿದ್ರೆ ಏನಂತೀಯ?"

ಮೈಕು ಎದುರಿನ ಗಾಜಿನಾಚೆ ನೋಡಿದ. ಯಾರೋ ಅಪ್ಪ, ಯಾರೋ ಮಗ, ಒಂದೇ ಪೆಟ್ಟಿಗೆಯ ಎರಡು ಹಿಡಿ ಹಿಡಿದು ಬಸ್ಸಿಗೆ ಓಡುತ್ತಿದ್ದರು. "ಮಾಡಲ್ಲ ಬಿಡಿ. ಮಾಡಿದ್ರೆ, ಈ ಮೂರು ಗಂಟೆ ಪಾಳಿ ಸಾಕಾಗಿದೆ ಅಂತೀನಿ. ಅವರೆದ್ದು ಹೋದ ಕುರ್ಚೀಲಿ ಕೂತು, ಅವರ ಥರಾನೇ ಕೆಮ್ಮಿ ನಿಮ್ಮನ್ನೆಲ್ಲ ನಗಿಸ್ತೀನಲ್ಲ, ಅಕ್ಕ ಎಷ್ಟು ಕೊಡವಿದ್ರೂ ಪ್ರತಿ ಸಲ ಆ ದಿಂಬಲ್ಲಿ ಒಂದು ಗುಂಡುಸೂಜಿ ಉಳಿದಿರುತ್ತೆ. ತೆಗೆಯಲ್ಲ ನಾನು. ಚುಚ್ಚಿಸ್ಕೊಂಡೇ ಕೂರ್ತೀನಿ."

ಅಷ್ಟರಲ್ಲಿ ದೂರದಿಂದ, ಬಹುಶಃ ಅಡುಗೆಮನೆಯಿಂದ, ಇನ್ನೊಂದು ದನಿ ತೇಲಿ ಬಂತು. ಸಾಕ್ಷಾತ್ ಭಾವನದು.

"ಮಾವಾ, ಚಹಾ ಆರ್ತಿದೆ! ಅವನು ಫೋನು ಎತ್ತಿದ್ನಾ?"

ಮೈಕು ಧಡಕ್ಕನೆ ಎದ್ದು ನಿಂತ. ಭಾವ ಅಡುಗೆಮನೆಯಲ್ಲಿದ್ದರೆ, ಇಷ್ಟು ಹೊತ್ತು ತಾನು ಕೆಮ್ಮು ಕಲಿಸಿದ್ದು ಯಾರಿಗೆ?

"ಏನೋ, ಬಾಯಿಗೆ ಹೊಲಿಗೆ ಬಿತ್ತಾ?" ಎಂದಿತು ದನಿ. "ಹೋದ ತಿಂಗಳು ಹಲ್ಲು ಕಟ್ಟಿಸ್ಕೊಂಡೆ ಕಣೋ. ಸೂಜಿ ನಿಲ್ಲಲ್ಲ, ಜಾರುತ್ತೆ. ಅದಕ್ಕೆ ಆರು ಮಾರ್ಕ್ಸು ಕಳೆಯೋದಾ? ನಾನು ನಾನಾಗೋದ್ರಲ್ಲೇ ಫೇಲಾ?"

ನೂರು ಊರಿನ ಹೆಸರನ್ನು ತಡವರಿಸದೆ ಕೂಗುವ ಗಂಟಲಿನಿಂದ "ಅಪ್ಪ" ಅನ್ನುವ ಎರಡಕ್ಷರ ಬೆಕ್ಕಿನ ಮರಿಯಂತೆ ಹೊರಬಿತ್ತು. ಅತ್ತ ಅಕ್ಕ ನಕ್ಕಳು, ಭಾವ ನಕ್ಕರು. ಅವರಿಬ್ಬರ ನಗುವನ್ನೂ ಮುಳುಗಿಸಿ, ಹೊಸ ಹಲ್ಲು ಕಟಕಟ ಅನ್ನುವಂತೆ ಅಪ್ಪ ನಕ್ಕರು. ಮೈಕು ಫೋನನ್ನು ಕಿವಿಗೆ ಒತ್ತಿ ಹಿಡಿದ. ಅಪ್ಪನ ಕೆಮ್ಮು, ಗೊಣಗಾಟ, ಬೈಗುಳ ಎಲ್ಲ ಅವನ ಗಂಟಲಲ್ಲಿದ್ದವು. ಇದೊಂದು ಇರಲಿಲ್ಲ. ಸೂಜಿ ಕಚ್ಚಿದ ಬಾಯಿ ನಗುವುದನ್ನು ಅವನು ಕೇಳಿದ್ದಾದರೂ ಯಾವಾಗ?

"ಇನ್ನೊಂದ್ಸಲ ನಗಿ ಅಪ್ಪ," ಎಂದ. "ಕಲ್ತ್ಕೋಬೇಕು."

"ಫೋನಲ್ಲಿ ಕಲಿಸಲ್ಲ. ಡ್ಯೂಟಿ ಮುಗಿಸಿ ಬಾ, ಅಲ್ಲೀವರೆಗೂ ನಾನು ಏಳಲ್ಲ," ಎಂದರು ಅಪ್ಪ. ಒಮ್ಮೆ ಕೆಮ್ಮಿದರು, ಕತ್ತರಿ ಆಡಿಸಿದಂತೆ. "ಕುರ್ಚಿ ಮಾತ್ರ ನಂದೇ. ನೀನು ನಿಂತಿರು. ನೆಟ್ಟಗೆ!" ಎಂದವರೇ, ಮತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು.