ಅವನು ಕೇಳಿಕೊಂಡ ಒಂದು ದಿನ

ವಿಚ್ಛೇದನದ ಅರ್ಜಿ ಹಾಕುವವರು ಮನೆ, ಒಡವೆಯ ಜೊತೆಗೆ ನೆನಪುಗಳನ್ನೂ ಪಾಲು ಮಾಡಿಕೊಂಡೇ ಕೋರ್ಟಿಗೆ ಬರಬೇಕಿತ್ತು. ಒಂದು ನೆನಪು ಒಬ್ಬರಿಗೇ. ಡಿಕ್ರಿಯಾದ ದಿನ ಇನ್ನೊಬ್ಬರ ತಲೆಯಿಂದ ಅದನ್ನು ಅಳಿಸಿಬಿಡುತ್ತಿದ್ದರು.

ಸತ್ತ ಮಗಳ ಒಂದು ನೆನಪನ್ನೂ ಬಿಟ್ಟುಕೊಡಬಾರದೆಂದು ವನಮಾಲಾ ಟೊಂಕ ಕಟ್ಟಿಕೊಂಡೇ ಬಂದಿದ್ದಳು. ಆದರೆ ಗಂಡ ಗುರುಶಾಂತ ಕಳಿಸಿದ ಪಟ್ಟಿಯಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ. ಚಿನ್ನಿಯ ಮೊದಲ ಹಲ್ಲು, ದೋಸೆಗೆ ಸಕ್ಕರೆಯೇ ಬೇಕೆಂಬ ಹಟ, ಸ್ಕೂಲಿನ ಮೊದಲ ದಿನ, ಎಲ್ಲವನ್ನೂ ಅವಳಿಗೇ ಬಿಟ್ಟಿದ್ದ. ತನಗೆಂದು ಕೇಳಿದ್ದು ಒಂದೇ: ಆಸ್ಪತ್ರೆಯಲ್ಲಿ ಚಿನ್ನಿ ಕಣ್ಣು ಮುಚ್ಚಿದ ದಿನ.

"ಇದು ಅವಳಿಗೆ ಬೇಡ. ನಾನೇ ಹೊರುತ್ತೇನೆ," ಎಂದು ಅಂಚಿನಲ್ಲಿ ಬರೆದಿದ್ದ.

ಕೋರ್ಟಿನ ಅರ್ಜಿ ಕಿಟಕಿಯೊಳಗಿದ್ದ ಗುಮಾಸ್ತರು ಓದಿ ಕನ್ನಡಕ ತೆಗೆದರು.

"ಪ್ರೀತಿಯಿಂದಲೇ ಬರೆದಿದಾರಮ್ಮ, ಆದ್ರೆ ಯೋಚನೆ ಮಾಡಿಲ್ಲ. ಆ ದಿನ ಒಂದು ಅಳಿಸಿಹೋದ್ರೆ, ದಿನಾ ಸಂಜೆ ನಾಲ್ಕಕ್ಕೆ ನೀವು ಸ್ಕೂಲ್ ವ್ಯಾನ್ ಕಾಯ್ತಾ ಗೇಟಲ್ಲಿ ನಿಂತಿರ್ತೀರಿ. ಮಗು ಇಳಿಯಲ್ಲ. ತಿದ್ದಿಸಿಕೊಂಡು ಬನ್ನಿ."

ವನಮಾಲಾ ಅವರ ಪೆನ್ನು ಕೇಳಿ ತೆಗೆದುಕೊಂಡಳು.

"ವ್ಯಾನ್ ಬರೋ ತನಕ ಇರ್ತಾಳಲ್ಲ ಸಾರ್," ಎಂದು ಸಹಿ ಹಾಕಿದಳು.